ನಡುಗುವ ಕೈಗೊಂದು ಪದ

ಮೊನ್ನೆ ಸೇಡಂ ಬಸ್ಸಿನಲ್ಲಿ ಪಕ್ಕದ ಹೆಂಗಸು ಕರವಸ್ತ್ರಕ್ಕೆ ನೀಲಗಿರಿ ಎಣ್ಣೆ ಹಾಕಿಕೊಂಡರು. ಆ ಘಾಟು ಮೂಗಿಗೆ ತಾಗಿದ್ದೇ ತಡ, ಮಳೆಗಾಲವಿಡೀ ನೆಗಡಿಯಲ್ಲೇ ಪಾಠ ಮಾಡುತ್ತಿದ್ದ ನಮ್ಮ ಇಂಗ್ಲಿಷ್ ಟೀಚರ್ ನೆನಪಾದರು.

ಪದದ ಅರ್ಥ ಹೇಳಿ ಅವರು ಸುಮ್ಮನಾಗುತ್ತಿರಲಿಲ್ಲ, ಅದು ಎಲ್ಲಿಂದ ಬಂತೆಂದೂ ಹೇಳುತ್ತಿದ್ದರು. ‘ಬ್ರೇವ್’ ಒಂದು ಕಾಲಕ್ಕೆ ಕಾಡುಸ್ವಭಾವದವರಿಗೆ ಹೇಳುವ ಮಾತಾಗಿತ್ತಂತೆ. ಧೈರ್ಯವಂತರಿಗೆ ಹೇಳುವ ‘ಡಾಂಟ್‌ಲೆಸ್’ ಎಂದರೆ ಮೂಲದಲ್ಲಿ ಯಾರೂ ಪಳಗಿಸಲಾಗದವರು. ‘ಇಂಟ್ರೆಪಿಡ್’ ಎಂದರೆ ನಡುಗದವರು... ನನಗೆ ಇದೇ ಬಹಳ ಹಿಡಿಸಿತ್ತು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ಸಂಜೆ ಟೀಚರೂ ನಾನೂ ಚಿತ್ತಾಪುರದಿಂದ ಒಂದೇ ಬಸ್ಸಿನಲ್ಲಿ ಊರಿಗೆ ಹೊರಟಿದ್ದೆವು. ದಂಡೋತಿ ಹತ್ತಿರ ಸೇತುವೆಯ ಮೇಲೆಯೇ ಕಾಗಿಣಾ ನದಿ ಹರಿಯುತ್ತಿತ್ತು. ಡ್ರೈವರ್ ಬಸ್ಸು ನಿಲ್ಲಿಸಿದ. ಹಿಂದಿನಿಂದ ಕೂಗು ಶುರುವಾಯಿತು.

“ಮೊಣಕಾಲಷ್ಟೂ ನೀರಿಲ್ಲ, ಹೊಡೀರಿ ಗಾಡಿ!”

ಹೆಂಡತಿಯನ್ನು ಹೆರಿಗೆಗೆ ಹೊಳೆಯಾಚೆಯ ದವಾಖಾನೆಗೆ ಸೇರಿಸಿದ್ದ ಒಬ್ಬಾತ ಡ್ರೈವರನ ಕೈ ಹಿಡಿದು ಬೇಡಿಕೊಂಡ. ಡ್ರೈವರ್ ಗೇರ್ ಹಾಕಿದ.

ಟೀಚರ್ ಬಾಗಿಲು ತೆಗೆದು ಇಳಿದರು. ಹೋಗಿ ಬಸ್ಸಿನ ಮುಂದೆ ನಿಂತುಬಿಟ್ಟರು.

“ಸರೀರಿ ಆ ಕಡಿ! ನನ್ನ ಹೆಂಡ್ತಿಗಿ ಏನರ ಆದ್ರ ನೀವು ಜವಾಬ್ದಾರೇನ್ರಿ?” ಆತ ಕಿಟಕಿಯಿಂದ ಚೀರಿದ.

“ನೀವು ಜೀವಂತ ಮುಟ್ಟಬೇಕಲ್ರಿ ಅಕಿ ತನಕ,” ಎಂದರು ಟೀಚರ್. ದನಿ ಒಡೆದಿತ್ತು. “ಬಸ್ಸಿನಾಗ ಸಣ್ಣ ಕೂಸುಗೋಳು ಅವ. ನಾ ಇಲ್ಲಿಂದ ಸರಿಯಲ್ಲ.”

ಬೈಗುಳ ಶುರುವಾಯಿತು. ಒಬ್ಬ ಇಳಿದು ಅವರ ತೋಳಿಗೇ ಕೈ ಹಾಕಿದ. ಅಷ್ಟರಲ್ಲಿ ದೊಡ್ಡದೊಂದು ಮರ ಬೇರುಸಮೇತ ತೇಲಿಬಂದು ಸೇತುವೆಗೆ ಬಡಿಯಿತು. ನಮ್ಮ ಕಣ್ಣೆದುರೇ ಅಂಚಿನ ಕಲ್ಲುಗಳು ಕಿತ್ತುಹೋದವು. ಹಿಡಿದಿದ್ದ ಕೈ ತಾನಾಗಿ ಸಡಿಲವಾಯಿತು. ಡ್ರೈವರ್ ಬಸ್ಸನ್ನು ಹಿಂದಕ್ಕೆ ತೆಗೆದ.

ಚಿತ್ತಾಪುರಕ್ಕೆ ಮರಳುವಾಗ ಟೀಚರಿಗೆ ನೀರಿನ ಬಾಟಲಿ ಹಿಡಿಯಲೂ ಆಗಲಿಲ್ಲ.

“ಟೀಚರ್, ನೀವು ಇಂಟ್ರೆಪಿಡ್ ರೀ,” ಎಂದೆ.

“ಅಲ್ಲವ್ವ. ನೋಡಿಲ್ಲಿ, ಕೈ ಹ್ಯಾಂಗ ನಡಗಲಿಕತ್ತಾವ. ಆ ಪದ ನನಗ ಒಪ್ಪಲ್ಲ. ‘ಕರೇಜ್’ ಅನ್ನು ಬೇಕಾದ್ರ. ಅದರ ಬೇರಿನಾಗ ಎದಿ ಅದ. ಎದಿ ಡವಡವ ಅಂದ್ರೂ ನಡೀತದ.”

ಹೆಂಡತಿಯ ಬಳಿಗೆ ಹೊರಟಿದ್ದಾತ ಬೇರೆ ದಾರಿ ಸುತ್ತಿಕೊಂಡು ಹೋದ. ಮುಂದೆ ಎಷ್ಟೋ ದಿನ ಟೀಚರ್ ಪಾಠದ ನಡುವೆ ಬಾಗಿಲ ಕಡೆ ನೋಡುತ್ತಿದ್ದರು. ಕೊನೆಗೊಂದು ದಿನ ಆತನೇ ಶಾಲೆಗೆ ಬಂದು, ತಾಯಿ, ಮಗು ಚೆನ್ನಾಗಿದ್ದಾರೆಂದು ಹೇಳಿದ. ಟೀಚರ್ ಕುರ್ಚಿಯಲ್ಲಿ ಕುಸಿದು ಕೂತು, ನಮ್ಮೆಲ್ಲರ ಎದುರೇ ಅತ್ತುಬಿಟ್ಟರು.

ಅವರು ತೀರಿಕೊಂಡು ವರ್ಷಗಳಾದವು. ಈಗ ನಾನೂ ಇಂಗ್ಲಿಷ್ ಕಲಿಸುತ್ತೇನೆ. ಯಾವುದೋ ಪದದ ಮೂಲ ತಿಳಿಯದಿದ್ದಾಗ ಫೋನ್ ಎತ್ತಿಕೊಂಡು ಅವರ ನಂಬರ್ ಹುಡುಕತೊಡಗುತ್ತೇನೆ... ಆಮೇಲೆ ನೆನಪಾಗುತ್ತದೆ.