ಹಳೆಯ ಸಿಂಥಸೈಜರ್ ಮತ್ತು ಅಕ್ಕನ ಶ್ರುತಿ

ನಮ್ಮ ಸಿಂಥಸೈಜರಿನಲ್ಲಿ ಒಂದು ಸ್ವರ ಒತ್ತಿ ಹಿಡಿದರೆ ಅದು ಇದ್ದಲ್ಲಿ ಇರುತ್ತಿರಲಿಲ್ಲ. ಹೊಳೆಯ ಮೇಲಿನ ಬೆಳಗಿನ ಮಂಜಿನಂತೆ ಮೆಲ್ಲಗೆ ಸರಿಯುತ್ತಿತ್ತು. ಅನಲಾಗ್ ಯಂತ್ರ ಅದು; ಮೊದಲೇ ತುಂಬಿಟ್ಟ ಸ್ವರಗಳು ಒಳಗಿಲ್ಲ, ಕರೆಂಟಿನಿಂದ ಆ ಗಳಿಗೆಯಲ್ಲೇ ಹುಟ್ಟಬೇಕು. ಚಳಿ ತಾಗಿದರೆ ಶ್ರುತಿ ಕದಲುತ್ತದೆ. ಕಂಪನಿಯವರು ಕೆಲವೇ ಕೆಲವನ್ನು ಮಾಡಿ ನಿಲ್ಲಿಸಿದ್ದರಂತೆ; ಹಿಂಬದಿಯ ತಗಡಿನಲ್ಲಿ ನಂಬರು ಕೊರೆದಿತ್ತು. ಮೈಸೂರಿನಲ್ಲಿ ಮುಚ್ಚಿಹೋದ ಆರ್ಕೆಸ್ಟ್ರಾದಿಂದ ಅದನ್ನು ತಂದ ದಿನ ನನ್ನನ್ನು ಹಿಡಿಯುವವರಿರಲಿಲ್ಲ.

ನಮ್ಮ ಆರ್ಕೆಸ್ಟ್ರಾ ಎಂದರೆ ಅಕ್ಕ ಮತ್ತು ನಾನು, ಇಬ್ಬರೇ. ತಾತನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಕುಶಾಲನಗರದ ಬಳಿ ನೆಲೆಸಿದವರು ನಾವು. ಅಕ್ಕ ವಾರವಿಡೀ ಹೊಲಿಗೆ ಮೆಷಿನ್ ತುಳಿದು ಭಾನುವಾರ ಮದುವೆಗಳಲ್ಲಿ ಹಾಡುತ್ತಿದ್ದಳು. ಹಾಡದ ವಾರ ಅವಳ ಮುಖ ನೋಡಲಾಗುತ್ತಿರಲಿಲ್ಲ. ಅವಳದೇ ಎನ್ನುವಂಥದ್ದು ಬದುಕಿನಲ್ಲಿ ಅದೊಂದೇ.

ಮಳೆಗಾಲದಲ್ಲಿ ಕೆಂಡದ ಮೇಲೆ ಬಿದಿರ ಬುಟ್ಟಿ ಬೋರಲು ಹಾಕಿ ಬಟ್ಟೆ ಒಣಗಿಸುವುದು ನಮ್ಮಲ್ಲಿ ರೂಢಿ. ಅಕ್ಕ ಅದರ ಮೇಲೆ ಕಂಬಳಿ ಬಿಸಿ ಮಾಡಿ ಯಂತ್ರಕ್ಕೆ ಹೊದಿಸುವಳು, ನೆಗಡಿಯಾದ ಮಗುವಿಗೆ ಹೊದಿಸಿದ ಹಾಗೆ. ನಾನು ಬಲಗೈಯಲ್ಲಿ ನುಡಿಸುತ್ತ ಎಡಗೈಯನ್ನು ಶ್ರುತಿಯ ನಾಬಿನ ಮೇಲೇ ಇಟ್ಟಿರುತ್ತಿದ್ದೆ. ಕಿವಿಗೆ ಒಂಚೂರು ಕಿರಿಕಿರಿಯಾದರೂ ಕೂದಲೆಳೆಯಷ್ಟು ತಿರುಗಿಸುತ್ತಿದ್ದೆ. ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಮಣಿಕಟ್ಟು ಮರಗಟ್ಟಿ, ಹಾಳು ಯಂತ್ರ ಎಂದು ದಾರಿಯುದ್ದಕ್ಕೂ ಬೈಯುತ್ತಿದ್ದೆ.

ಕಡೆಗೆ ಮೈಸೂರಿನ ರಿಪೇರಿಯವನ ಬಳಿ ಹೋದೆ.

“ಒಳಗೆ ಹೊಸ ಸರ್ಕ್ಯೂಟ್ ಬೋರ್ಡ್ ಹಾಕಿದ್ರೆ ಶ್ರುತಿ ಬಂಡೆ ಥರ ನಿಲ್ಲುತ್ತೆ ಸಾರ್. ಆದ್ರೆ ಒರಿಜಿನಲ್ ಅನ್ನೋ ಗತ್ತು ಹೋಗುತ್ತೆ, ಯೋಚ್ನೆ ಮಾಡಿ” ಎಂದ.

ಮನೆಗೆ ಬಂದು ಹೇಳಿದರೆ ಅಕ್ಕ ಸಿಡುಕಿದಳು. “ಅದನ್ನ ಮುಟ್ಟಬ್ಯಾಡ ಕಣೋ. ಹೆಂಗೈತೋ ಹಂಗೇ ಇರ್ಲಿ.”

“ನಂಬರ್ ತಗಡು ಅಲ್ಲೇ ಇರ್ತದಲ್ಲಕ್ಕ.”

“ನಿನ್ ತಗಡು ಯಾರಿಗ್ ಬೇಕು!” ಎಂದು ಒಳಗೆ ಹೋದಳು.

ಹಳೆಯದರ ಮೇಲಿನ ಮೋಹ ಎಂದುಕೊಂಡು ಹೊಸ ಬೋರ್ಡ್ ಹಾಕಿಸಿಯೇ ಬಿಟ್ಟೆ.

ಮೂರ್ನಾಡಿನಲ್ಲಿ ಒಂದು ರಿಸೆಪ್ಷನ್. ಛತ್ರದ ಕಿಟಕಿಯಾಚೆ ಕಾಫಿ ಹೂ ಬಿಟ್ಟಿತ್ತು. ಆ ಪರಿಮಳದಲ್ಲಿ ಎಲ್ಲವೂ ಅರೆನಿದ್ದೆಯಲ್ಲಿದ್ದಂತೆ ಕಾಣುತ್ತಿತ್ತು. ಯಂತ್ರ ಒಂದಿಷ್ಟೂ ಕದಲಲಿಲ್ಲ. ಮೊದಲ ಬಾರಿಗೆ ಎರಡೂ ಕೈಯಲ್ಲಿ ನುಡಿಸುತ್ತ ನಾನು ತೇಲಿಹೋಗಿದ್ದೆ. ಎರಡನೆಯ ಚರಣದಲ್ಲಿ ಕಿವಿಗೆ ಅದೇ ಹಳೆಯ ಕಿರಿಕಿರಿ. ಎಡಗೈ ತಾನಾಗಿ ನಾಬಿಗೆ ಹೋಯಿತು, ತಿರುಗಿಸಿತು. ಹೊಸ ಬೋರ್ಡಿಗೂ ಆ ನಾಬಿಗೂ ಸಂಬಂಧವೇ ಇರಲಿಲ್ಲ. ಸ್ವರ ನಿಂತಲ್ಲೇ ನಿಂತಿತ್ತು. ಅಕ್ಕನ ದನಿ ಅದರ ಕೆಳಗೆ ಜಾರುತ್ತಿತ್ತು. ಊಟದ ಸಾಲಿನಲ್ಲಿದ್ದವರು ತಿರುಗಿಯೂ ನೋಡಲಿಲ್ಲ. ಅಕ್ಕ ಮಾತ್ರ ನನ್ನತ್ತ ನೋಡಿದಳು.

ಯಂತ್ರ ಕದಲುತ್ತಿದ್ದುದು ನಿಜ. ಆದರೆ ಇಷ್ಟು ವರ್ಷ ನಾನು ಅದನ್ನು ಸರಿಪಡಿಸುತ್ತಿದ್ದುದು ಅಕ್ಕನ ದನಿ ಎಲ್ಲಿದೆಯೋ ಅಲ್ಲಿಗೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮಲ್ಲಿ ಅಕ್ಕ ಒಮ್ಮೆಯೂ ನೆಲವನ್ನು ದೂರಿರಲಿಲ್ಲ, ದೂರಿದ್ದೆಲ್ಲ ನಾನು.

ಹಿಂತಿರುಗುವಾಗ ಜೀಪಿನಲ್ಲಿ ಅಕ್ಕನೇ ಮಾತು ತೆಗೆದಳು.

“ಎರಡನೇ ಚರಣಕ್ಕೆ ನಾನು ಇಳೀತೀನಿ ಅಂತ ನಂಗೆ ಮೊದ್ಲಿಂದ್ಲೂ ಗೊತ್ತು ಕಣೋ. ನಿನ್ ಕೈ ಬಂದು ಹಿಡ್ಕೊಳ್ಳೋದು.”

“ಹೇಳ್ಬಾರ್ದಿತ್ತಾ ಅಕ್ಕ?”

“ಹೇಳಿದ್ರೆ ನೀನು ಬೇಕಂತ ಮಾಡ್ತಿದ್ದೆ. ಆಮೇಲೆ ನಂಗೆ ಹಾಡಕ್ಕೆ ನಾಚ್ಕೆ ಆಗೋದು. ಇನ್ ಹಾಡೋದು ಸಾಕು ಬಿಡು.”

ಮರುದಿನವೇ ಮೈಸೂರಿಗೆ ಹೋಗಿ ಹಳೆಯ ಬೋರ್ಡನ್ನು ಮತ್ತೆ ಕೂರಿಸಲು ಹೇಳಿದೆ. ರಿಪೇರಿಯವನು ನಕ್ಕು, “ಒರಿಜಿನಲ್ ಮೋಹ ಬಿಡಲಿಲ್ಲ ಅಲ್ವಾ ಸಾರ್?” ಎಂದ. ಹೌದು ಎಂದೆ.

ಅಕ್ಕನನ್ನು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಯಿತು. ಕೊನೆಗೆ ನಾಪೋಕ್ಲಿನ ಒಂದು ಮದುವೆಗೆ ಬಂದಳು, ಮೈಕಿನ ಮುಂದೆ ನಿಂತಳು, ಹಾಡಿದಳು. ಎರಡನೆಯ ಚರಣ ಬಂದಾಗ ನಾನು ನಾಬಿನ ಮೇಲಿದ್ದ ನನ್ನ ಎಡಗೈಯತ್ತ ನೋಡಲಿಲ್ಲ. ಅಕ್ಕನೂ ನೋಡಲಿಲ್ಲ.