ವಿಮಾನ ಇಳಿದ ಮೇಲೆ ರೊಟ್ಟಿ

ಹೋದ ತಿಂಗಳು ಮದುವೆಯೊಂದಕ್ಕೆ ಬೆಂಗಳೂರಿಗೆ ಹೊರಟಾಗ, ಹುಬ್ಬಳ್ಳಿಯಲ್ಲಿ ವಿಮಾನದ ಮೆಟ್ಟಿಲ ಬುಡಕ್ಕೆ ಬಂದ ಅವ್ವ ಗಕ್ಕನೆ ನಿಂತುಬಿಟ್ಟಳು. ಎಂಬತ್ತರ ಹತ್ತಿರದ ಅವಳಿಗೆ ಇದು ಮೊದಲ ವಿಮಾನ. ಹೆದರಿದಳೇನೋ ಎಂದು ನಾನು ಕೈ ಹಿಡಿದರೆ, ಮೂಗರಳಿಸಿ, "ನಿಮ್ಮಪ್ಪನ ಅಂಗಿ ವಾಸನಿ ಬಂತು ನೋಡು" ಅಂದಳು. ಇಂಧನದ ವಾಸನೆ, ನೋಡಿ. ಸೀಮೆಎಣ್ಣೆಯ ಹತ್ತಿರದ ಸಂಬಂಧಿಕನದು.

ಅಪ್ಪ ಬೆಂಗಳೂರಿನಲ್ಲಿ ಹೊಸ ವಿಮಾನಗಳನ್ನು ಪರೀಕ್ಷಿಸುವ ಎಂಜಿನಿಯರ್ ಆಗಿದ್ದರು. ನಮ್ಮ ದೇಶ ತನ್ನ ವಿಮಾನಗಳನ್ನು ತಾನೇ ಕಟ್ಟಲು ಕಲಿಯುತ್ತಿದ್ದ ಕಾಲ. ಪೈಲಟ್ ಮುಂದೆ, ಅಪ್ಪ ಹಿಂದಿನ ಸೀಟಿನಲ್ಲಿ. ಮೇಲೆ ಹೋದ ಯಂತ್ರ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡುವುದು ಅವರ ಕೆಲಸ. ಅವ್ವ ಮತ್ತು ನಾನು ನಮ್ಮೂರು ನರೇಗಲ್ಲಿನಲ್ಲಿ. "ಆ ವಿಮಾನದ ಸಪ್ಪಳ ಕೇಳ್ಕೊಂತ ನಾ ಸಂಸಾರ ಮಾಡಾಕಿ ಅಲ್ಲ" ಎಂದು ಅವಳು ಅಲ್ಲಿಗೆ ಹೋಗಿರಲೇ ಇಲ್ಲ.

ನಾನೋ ಮಹಾ ಬಡಾಯಿ ಹುಡುಗಿ. ಊರ ಮೇಲೆ ಯಾವ ವಿಮಾನ ಹಾದರೂ ಅದು ನಮ್ಮಪ್ಪನದೇ. ಒಂದು ದಿನ ಶಾಲೆಯ ಅಂಗಳದಲ್ಲಿ ಎರಡೂ ಕೈ ಬೀಸಿ "ಅಪ್ಪಾ!" ಎಂದು ಆಕಾಶಕ್ಕೆ ಕೂಗುತ್ತಿದ್ದಾಗ ಗೆಳತಿ ರಜಿಯಾ ನನ್ನ ಲಂಗ ಜಗ್ಗಿದಳು. "ಏ, ನಿಮ್ಮಪ್ಪ ಅಲ್ಲಿ ಗೇಟಿನ್ಯಾಗ ನಿಂತಾರ."

ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕರು. ಅಪ್ಪ ನಗಲಿಲ್ಲ. ಊರಿಗೆ ಬಂದವರ ಕೈಯಲ್ಲಿ ಒಂದು ಚೀಲವೂ ಇರಲಿಲ್ಲ.

ಮನೆಯಲ್ಲಿ ನೀರು ಕುಡಿದ ಮೇಲೆ ಹೇಳಿದರು. ದೀಪಾವಳಿಗೆ ನಮ್ಮ ಮನೆಗೆ ಬಂದು ಕರ್ಚಿಕಾಯಿ ತಿಂದು ಹೋಗಿದ್ದ ಅಪ್ಪನ ಪೈಲಟ್ ಗೆಳೆಯರೊಬ್ಬರು ತೀರಿಹೋಗಿದ್ದರು. ಪರೀಕ್ಷೆಯ ವಿಮಾನ ಬಿದ್ದಿತ್ತು. ಹಿಂದಿನ ಸೀಟು ಈ ಸಲ ಖಾಲಿಯಿರಲಿ ಎಂದು ಕೊನೆಗಳಿಗೆಯಲ್ಲಿ ತೀರ್ಮಾನವಾಗಿದ್ದರಿಂದ ಅಪ್ಪ ಉಳಿದಿದ್ದರು.

"ಸಾಕ್ರಿ. ಇಲ್ಲೇ ಇರ್ರಿ. ಸಾಲಿ ಮಾಸ್ತರ ಆಗ್ರಿ" ಅಂದಳು ಅವ್ವ.

ಕೆಲವು ದಿನ ಕಳೆದು ಒಂದು ಮುಂಜಾನೆ ಅಪ್ಪ ಹೇಳಿದರು: "ಅದು ಯಾಕ ಬಿತ್ತು ಅಂತ ಗೊತ್ತಾಗದಿದ್ರ ಇನ್ನೊಂದು ಬೀಳತೈತಿ. ಅದರಾಗೂ ಯಾರೋ ಕುಂತಿರ್ತಾರ."

ಅವ್ವ ಅತ್ತಳು, ಪಾತ್ರೆ ಕುಕ್ಕಿದಳು, ಸಂಜೆಗೆ ಟ್ರಂಕು ಇಳಿಸಿದಳು. "ಹೋಗೂದ ಖರೇ ಆದ್ರ ನಾವೂ ಬರ್ತೀವಿ. ಯಾವತ್ತು ಕೆಟ್ಟ ಸುದ್ದಿ ಹೊತ್ತು ತಾರು ಬರತೈತೋ ಅಂತ ಇಲ್ಲಿ ಕುಂತು ದಾರಿ ಕಾಯೂದು ನನ್ನ ಕೈಲೆ ಆಗೂದಿಲ್ಲ."

ಬೆಂಗಳೂರಿನಲ್ಲಿ, ವಿಮಾನ ನಿಲ್ದಾಣದ ಪಕ್ಕದ ಮನೆಯಲ್ಲಿ, ಅವಳು ಆ ಸಪ್ಪಳವನ್ನು ಕಲಿತಳು. ವಿಮಾನ ಏರಿದ್ದು, ತಿರುಗಿದ್ದು, ಇಳಿದದ್ದು ಎಲ್ಲ ಒಲೆಯ ಮುಂದೆ ಕೂತೇ ಗೊತ್ತು. ಅಪ್ಪ ಹಾರುವ ದಿನ, ಇಳಿದ ಸಪ್ಪಳ ಕೇಳಿದ ಮೇಲೆಯೇ ಹಂಚಿಗೆ ರೊಟ್ಟಿ. ನಾನು ಹಸಿದು ಎಷ್ಟು ಕುಣಿದರೂ ಅಷ್ಟೇ.

ವಿಮಾನ ಬಿದ್ದದ್ದೇಕೆಂದು ಕೊನೆಗೂ ತಿಳಿಯಿತು. ಬಾಲದೊಳಗಿನ ಒಂದು ಸರಳನ್ನು ಬದಲಿಸಿದರು. ಅದೇ ಮಾದರಿ ಮತ್ತೆ ಹಾರಿದ ದಿನ ಅಪ್ಪ ಹಿಂದಿನ ಸೀಟಿನಲ್ಲಿದ್ದರು. ಅವ್ವ ಅವತ್ತು ಒಲೆಯನ್ನೇ ಹೊತ್ತಿಸದೆ ನನ್ನ ಕೈ ಹಿಡಿದು ಅಂಗಳದಲ್ಲಿ ನಿಂತಳು. ವಿಮಾನ ಇಳಿಯಿತು. ಮುಂದೆಯೂ ಇಳಿಯುತ್ತಲೇ ಬಂತು. ಅಪ್ಪ ಮುದುಕರಾಗಿ, ಮನೆಯ ಹಾಸಿಗೆಯಲ್ಲಿ, ಎಲ್ಲರಂತೆ ಹೋದರು.

ಹುಬ್ಬಳ್ಳಿಯ ಆ ವಿಮಾನದೊಳಗೆ ಬೆಲ್ಟ್ ಬಿಗಿಯಲು ಬಾಗಿದ ಗಗನಸಖಿಯನ್ನು ಅವ್ವ ತಡೆದಳು. "ಯವ್ವಾ, ಮಂದಿನ್ನ ಕುಂಡ್ರಸೂಕಿಂತ ಮೊದ್ಲ ಇದನ್ನ ಯಾರರ ಹಾರಿಸಿ ನೋಡಿರ್ತಾರಿಲ್ಲ?"

"ಹೌದ್ರಿ ಅಜ್ಜಿ, ನೋಡಿರ್ತಾರ."

"ಅವರು ತಿರಗಿ ಮನಿಗೆ ಬಂದಿದ್ರಿಲ್ಲ?"

ಹುಡುಗಿಗೆ ಏನು ತಿಳಿಯಿತೋ, ಅವ್ವನ ಭುಜ ಮುಟ್ಟಿ, "ಬಂದಾರ್ರಿ ಅಜ್ಜಿ" ಅಂದಳು.

ಅವ್ವ ನನ್ನ ಕೈ ಬಿಟ್ಟು ಕಿಟಕಿಯ ಕಡೆ ತಿರುಗಿದಳು. ವಿಮಾನ ನೆಲ ಬಿಟ್ಟಾಗ ಕಣ್ಣು ಮುಚ್ಚಿದವಳು ನಾನು.