ಬಾಡಿಗೆ ಮನೆಯವಳ ತಾವರೆಗಡ್ಡೆ

ಹೋದ ಆದಿತ್ಯವಾರ ಕಾರವಾರದ ಸಂತೆಯಲ್ಲಿ, ಘಟ್ಟದ ಮೇಲಿನಿಂದ ಬಂದ ಗಜ್ಜರಿ, ಮೂಲಂಗಿಗಳ ಪಕ್ಕದಲ್ಲಿ ಕೆಸರು ಮೆತ್ತಿದ ಉದ್ದುದ್ದ ಗಡ್ಡೆಗಳ ರಾಶಿಯೊಂದಿತ್ತು. ನಾನು ನಿಂತದ್ದು ಕಂಡು ಮಾರುವವಳು ಒಂದನ್ನು ಅಡ್ಡಡ್ಡ ಕತ್ತರಿಸಿ ತೋರಿಸಿದಳು. ಒಳಗೆಲ್ಲ ತೂತುಗಳು. ಕೆರೆಯ ತಳದ ವಾಸನೆ ಮೂಗಿಗೆ ಬಡಿಯಿತು.

"ತಾವರೆಗಡ್ಡೆ ಅಕ್ಕಾ. ಮಾಡೂದು ಹೆಂಗೆ ಅಂತ ಕೇಳ್ಬೇಡಿ, ನಂಗೂ ಗೊತ್ತಿಲ್ಲ" ಎಂದು ನಕ್ಕಳು.

ನನಗೆ ಗೊತ್ತಿತ್ತು. ಯಾರೂ ಕಲಿಸಿದ್ದಲ್ಲ. ಅಡಿಗೆಮನೆಯ ಬಾಗಿಲಲ್ಲಿ ನಿಂತು, ಹೊಟ್ಟೆ ಉರಿದುಕೊಂಡು, ನೋಡಿ ಕಲಿತದ್ದು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿರಬೇಕು. ಅಪ್ಪ ತೀರಿಕೊಂಡ ಮೇಲೆ ನನ್ನ ತಾಯಿ, ನಾನು ಆಯಿ ಎನ್ನುತ್ತಿದ್ದವಳು, ಅಮದಳ್ಳಿಯ ಮನೆಯ ಮುಂದಿನ ಎರಡು ಕೋಣೆಗಳನ್ನು ನೌಕಾನೆಲೆಯಲ್ಲಿ ಕೆಲಸಕ್ಕಿದ್ದ ಒಬ್ಬ ಹುಡುಗನಿಗೆ ಬಾಡಿಗೆಗೆ ಕೊಟ್ಟಿದ್ದಳು. ಅವನ ಹೆಂಡತಿ ಉತ್ತರಪ್ರದೇಶದ ಯಾವುದೋ ಹಳ್ಳಿಯವಳು. ತೆಳ್ಳಗೆ, ಬೆಳ್ಳಗೆ, ಮಾತಿಗೊಮ್ಮೆ ಸೆರಗು ತಲೆಗೆ ಎಳೆದುಕೊಳ್ಳುವ ಹುಡುಗಿ. ಗಂಡ ಹಡಗು ಹತ್ತಿ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ.

ನಾನು ಮದುವೆಯಾಗಿ ಅಂಕೋಲೆಯಲ್ಲಿದ್ದೆ. ಆದಿತ್ಯವಾರ ಬಸ್ಸು ಹತ್ತಿ ಆಯಿಯನ್ನು ನೋಡಲು ಹೋಗುತ್ತಿದ್ದೆ. ಆಯಿಯದು ಎಣಿಸಿಟ್ಟ ಮಾತು. ಚಿಕ್ಕವಳಿದ್ದಾಗ ನಾನು ಒಲೆಯ ಹತ್ತಿರ ಸುಳಿದರೆ "ಅಡ್ಡ ಬರ್ಬೇಡ, ಹೊರಗೆ ಹೋಗು" ಎನ್ನುತ್ತಿದ್ದಳು. ಅವಳಿಗೆ ಕೆಲಸ ಮುಗಿಯಬೇಕಿತ್ತು, ಅಷ್ಟೇ. ಅವಳು ಬಾಯಿಬಿಟ್ಟು ನಕ್ಕದ್ದು ನನಗೆ ನೆನಪಿರಲಿಲ್ಲ.

ಆ ಆದಿತ್ಯವಾರ ಹೋದರೆ ಒಳಗಿನಿಂದ ನಗು ಕೇಳುತ್ತಿದೆ! ಆಯಿ ಮತ್ತು ಆ ಹುಡುಗಿ ಅಡಿಗೆಮನೆಯ ನೆಲದ ಮೇಲೆ ಎದುರುಬದುರು ಕೂತಿದ್ದರು. ನಡುವೆ ಪೇಪರಿನ ಮೇಲೆ ಕೆಸರು ಗಡ್ಡೆಗಳು. ಅವಳ ಗಂಡ ಊರಿನಿಂದ ರೈಲಿನಲ್ಲಿ ಹೊತ್ತು ತಂದದ್ದಂತೆ. ಅವಳು ಹಿಡಿಕಡ್ಡಿಯಿಂದ ತೂತಿನೊಳಗಿನ ಕೆಸರು ತೆಗೆಯುತ್ತಿದ್ದಳು, ಆಯಿ ಚೊಂಬಿನಿಂದ ನೀರು ಬಿಡುತ್ತಿದ್ದಳು.

"ನೋಡೆ, ದೇವ್ರಿಗೆ ಏರಿಸೂ ಹೂವಿನ ಬೇರು ಕಿತ್ತು ತಿಂತ್ರಂತೆ ಇವ್ರ ಊರಲ್ಲಿ" ಎಂದಳು ಆಯಿ ನನ್ನತ್ತ ತಿರುಗಿ.

"ಹೌದು ಆಯಿ, ತುಂಬ ಚೊಲೋ ಆಗ್ತದೆ" ಎಂದಳು ಹುಡುಗಿ, ಆಯಿಯಿಂದಲೇ ಕಲಿತ ಕನ್ನಡದಲ್ಲಿ.

ಆಯಿ! ಊರಿನ ಉಳಿದ ಬಾಡಿಗೆಯವರೆಲ್ಲ ಮನೆಯ ಯಜಮಾನಿಗೆ ಆಂಟಿ ಎನ್ನುತ್ತಿದ್ದರು. ಇವಳು ನನ್ನ ಬಾಯಿಂದ ಆ ಶಬ್ದ ಎತ್ತಿಕೊಂಡಿದ್ದಳು.

ಮೊದಲು ಅವಳ ಊರಿನ ರೀತಿ ಆಯಿತು. ಬಿಲ್ಲೆಬಿಲ್ಲೆಯಾಗಿ ಹೆಚ್ಚಿ, ಅರಿಶಿನ ಉಪ್ಪು ಹಾಕಿ ಬೇಯಿಸಿ, ಸಾಸಿವೆ ಎಣ್ಣೆಯಲ್ಲಿ ಈರುಳ್ಳಿಯ ಜೊತೆ ಹುರಿದದ್ದು. ಆಯಿಗೆ ಆ ಎಣ್ಣೆ ಸೇರಲಿಲ್ಲ. ಮುಂದಿನ ವಾರ ಆಯಿಯದೇ ರೀತಿ: ತೆಂಗಿನಕಾಯಿ, ಒಣಮೆಣಸು, ಹುಣಸೆಹುಳಿ ಅರೆದು, ತೆಪ್ಪಲದ ಘಾಟಿನ ಕಾಯಿ ಜಜ್ಜಿ ಹಾಕಿದ ಹುಳಿ. ಅದರ ಮುಂದಿನ ವಾರ ಬಂಗಡೆಗೆ ಹಚ್ಚುವ ಮಸಾಲೆಯನ್ನು ಬಿಲ್ಲೆಗಳಿಗೆ ಸವರಿ, ರವೆಯಲ್ಲಿ ಹೊರಳಿಸಿ, ಕಾವಲಿಯ ಮೇಲೆ ಗರಿಗರಿಯಾಗಿ ಹುರಿದಳು. ಅದು ಮಾತ್ರ... ಏನು ಹೇಳಲಿ, ರುಚಿಯಾಗಿತ್ತು.

"ಮೀನಿಲ್ವೆ ಆಯಿ ಇವತ್ತು?" ಎಂದೆ. ನಾನು ಬರುವ ದಿನ ಮನೆಯಲ್ಲಿ ಮೀನಿಲ್ಲದೆ ಇರುತ್ತಿರಲಿಲ್ಲ.

"ತರ್ಲಿಲ್ಲ ಮಗಾ. ಅವ್ಳಿಗೆ ವಾಸ್ನೆ ಆಗೂದಿಲ್ಲ. ಬಸ್ರಿ ಅಲ್ದೆ?"

ಕೈಯಲ್ಲಿದ್ದ ತುತ್ತನ್ನು ತಿರುಗಿ ತಟ್ಟೆಗೆ ಹಾಕಿದೆ. ನಾನು ಬಸುರಿಯಾಗಿದ್ದಾಗ ಅಪ್ಪ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದ. ತವರಿಗೆ ಬಂದ ನಾಲ್ಕು ದಿನ ನಾನೇ ಗಂಜಿ ಬೇಯಿಸಿ ಬಡಿಸಿದ್ದೆ. ಕಾರಣ ಗೊತ್ತಿತ್ತು. ಆದರೆ ಹೊಟ್ಟೆಕಿಚ್ಚಿಗೆ ಕಾರಣ ಹೇಳಿ ಸಮಾಧಾನ ಮಾಡಲಿಕ್ಕಾಗುತ್ತದೆಯೇ?

ಊರಿನಿಂದ ತಂದ ಗಡ್ಡೆ ತೀರಿತು. ಹುಡುಗಿಗೆ ಬೇರೇನು ತಿಂದರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲವಂತೆ. ಗಂಡ ಹಡಗಿನ ಮೇಲಿದ್ದ. ಒಂದು ಬೆಳಿಗ್ಗೆ ನಮ್ಮ ಮನೆಯ ಫೋನ್ ಹೊಡೆದುಕೊಂಡಿತು. ಸಾವೋ ಜ್ವರವೋ ಆದರೆ ಮಾತ್ರ ಫೋನ್ ಮಾಡುವ ಆಯಿ. "ಯಾರಿಗೆ ಎಂತಾ ಆಯ್ತು?" ಎಂದೆ.

"ನಿಮ್ಮನೆ ಹಿಂದಿನ ಕೆರೆಲಿ ತಾವರೆ ಇದ್ದದಲೆ? ಬೇರು ಯಾರಾರೂ ತೆಗ್ದು ಕೊಡ್ತ್ರಾ ಕೇಳು."

"ಯಾರೂ ಇಳಿಯೂದಿಲ್ಲ ಆಯಿ. ಬರೀ ಕೆಸರು" ಎಂದೆ. ಅದು ನಿಜವೇ ಆಗಿತ್ತು.

ಮಧ್ಯಾಹ್ನದ ಬಸ್ಸಿಗೆ ಆಯಿಯೇ ಬಂದಿಳಿದಳು. ನೀರನ್ನೂ ಕುಡಿಯದೆ ಕೆರೆಯ ಕಡೆ ನಡೆದಳು. ನಾನು ಹಿಂದೆ ಹಿಂದೆ ಓಡಿದೆ. ಬೇಸಿಗೆ ಹತ್ತಿರವಾಗಿತ್ತು, ನೀರು ಇಳಿದಿತ್ತು. ನೋಡನೋಡುತ್ತಿದ್ದಂತೆ ಸೀರೆಯನ್ನು ಕಚ್ಚೆಯಂತೆ ಎತ್ತಿ ಕಟ್ಟಿ ಇಳಿದೇಬಿಟ್ಟಳು. ಅರವತ್ತು ದಾಟಿದ ಹೆಂಗಸು! ಕಾಲಿನಿಂದ ಕೆಸರು ತಡಕುತ್ತ ಬೇರು ಹುಡುಕುತ್ತಿದ್ದಳು.

"ಆಯಿ, ಮೇಲೆ ಬಾ! ಬಿದ್ರೆ ಯಾರು ನೋಡ್ತ್ರು?"

"ಸುಮ್ನಿರೆ, ಕಾಲಿಗೆ ಸಿಕ್ತು" ಎಂದು ಬಗ್ಗಿದವಳು ಜಾರಿ ಸೊಂಟದವರೆಗೆ ಹೂತುಹೋದಳು. ಕೈಯಾಡಿಸಿದಳು, ಹಿಡಿಯಲು ತಾವರೆ ಎಲೆ ಬಿಟ್ಟರೆ ಏನೂ ಇರಲಿಲ್ಲ. ಚಪ್ಪಲಿ ಸಮೇತ ನಾನು ಧುಮುಕಿದೆ. ಅವಳ ರಟ್ಟೆ ಹಿಡಿದು ಎಳೆದೆ. ಎಳೆಯುತ್ತ ಎಳೆಯುತ್ತ ಅಳು ಬಂತು. ಹೆದರಿಕೆಯೋ ಸಿಟ್ಟೋ.

"ನಾ ಬಸ್ರಿ ಇದ್ದಾಗ ನೀ ಎಂತಾ ಮಾಡಿ ಹಾಕಿದ್ಯೆ ಆಯಿ? ಒಂದು ದಿನ ಕೇಳಿದ್ಯೆ, ಎಂತಾ ತಿಂತೆ ಮಗಾ ಅಂತ?"

ಆಯಿ ಏದುಸಿರು ಬಿಡುತ್ತ ನಿಂತಳು. ಮುಖದ ತುಂಬ ಕೆಸರು.

"ಅವ್ಳು ಬೇಕು ಅಂತ ಕೇಳ್ತಾಳೆ ಮಗಾ. ನೀ ಯಾವತ್ತೂ ಕೇಳ್ಲೇ ಇಲ್ಲ" ಎಂದಳು.

ಕೇಳಬಾರದು ಎಂದು ನನಗೆ ಕಲಿಸಿದವಳು ನೀನೇ ಅಲ್ಲವೇ? ಎಂದುಕೊಂಡೆ. ಅವಳು ನನ್ನ ರಟ್ಟೆ ಬಿಟ್ಟಿರಲಿಲ್ಲ. ನಾವಿಬ್ಬರೂ ಹಾಗೆ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತದ್ದು ಅದಕ್ಕೆ ಮೊದಲು ಇರಲಿಲ್ಲ... ಆಮೇಲೂ ಇಲ್ಲ. ಕೊನೆಗೆ ಇಬ್ಬರೂ ಸೇರಿ ನಾಲ್ಕಾರು ಬೇರು ಕಿತ್ತೆವು. ಬೆರಳಿನಷ್ಟು ದಪ್ಪದವು. ಮುರಿದರೆ ಜೇಡನ ಬಲೆಯಂಥ ಎಳೆ ಬರುತ್ತಿತ್ತು.

ಆಯಿ ಒದ್ದೆ ಸೀರೆಯನ್ನು ಬದಲಿಸಿ ಅದೇ ಸಂಜೆ ಬಸ್ಸು ಹತ್ತಿದಳು. ನಾನೂ ಹೋದೆ, ಹೋಗದೆ ಇರಲಾಗಲಿಲ್ಲ. ರವೆ ಹಚ್ಚಿ ಹುರಿದ ತೆಳ್ಳನೆಯ ಚೂರುಗಳನ್ನು ಆ ಹುಡುಗಿ ಒಂದೊಂದಾಗಿ ತಿಂದಳು. ಒಂದನ್ನೂ ಬಿಡಲಿಲ್ಲ. ತಿಂದು, ಆಯಿಯ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ಆಯಿ ಅವಳ ತಲೆ ಸವರುತ್ತಿದ್ದಳು. ನಾನು ಹೊರಗೆ ಬಂದು ಜಗಲಿಯಲ್ಲಿ ಕೂತೆ.

ಬಾಣಂತನಕ್ಕೆ ಅವಳು ಊರಿಗೆ ಹೋದಳು. ಗಂಡು ಮಗುವಾಯಿತೆಂದು ಫೋನ್ ಬಂತು. ಆಮೇಲೆ ಅವಳ ಗಂಡನಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಒಂದೆರಡು ದೀಪಾವಳಿಗೆ ಫೋನ್ ಮಾಡಿದಳು, ನಂತರ ಅದೂ ನಿಂತಿತು. ಆಯಿ ಅವಳ ವಿಷಯ ಎತ್ತುತ್ತಿರಲಿಲ್ಲ. ಫೋನ್ ಹೊಡೆದುಕೊಂಡಾಗ ಮಾತ್ರ ಬೇಗ ಏಳುತ್ತಿದ್ದಳು.

ಆಯಿ ಹೋಗಿ ಈಗ ಎಂಟು ವರ್ಷ. ಸುದ್ದಿ ತಿಳಿಸೋಣವೆಂದು ಆ ಹುಡುಗಿಯ ಹಳೆಯ ನಂಬರಿಗೆ ಮಾಡಿದ್ದೆ, ಹತ್ತಲಿಲ್ಲ. ಅಮದಳ್ಳಿಯ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ.

ಅಂದರೆ ಅವಳಿಗೆ ಇನ್ನೂ ಗೊತ್ತಿಲ್ಲ. ಎಲ್ಲಿಯೋ ಕೂತು ಮಗನಿಗೆ ಹೇಳುತ್ತಿರಬಹುದು, ಸಮುದ್ರದ ದಂಡೆಯ ಊರಲ್ಲಿ ನನಗೊಬ್ಬಳು ಆಯಿ ಇದ್ದಾಳೆ ಎಂದು. ಇದ್ದಳು ಎಂದಲ್ಲ, ಇದ್ದಾಳೆ ಎಂದು. ಅವಳ ಪಾಲಿನ ಆಯಿ ಇನ್ನೂ ಬದುಕಿದ್ದಾಳೆ. ನನಗೆ ಅದೊಂದನ್ನು ಇವತ್ತಿಗೂ ಸಹಿಸಲಾಗುವುದಿಲ್ಲ.